ಪಿಯುಸಿ ನಂತರದ ಓದಿಗೆ ಹಣ: ಅರ್ಜಿ ಹಾಕುವ ಮೊದಲೇ ಆಗಬೇಕಾದ ಕೆಲಸ

ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಡಿಗ್ರಿ, ಎಂಜಿನಿಯರಿಂಗ್, ನರ್ಸಿಂಗ್ ಎಂದು ಮುಂದೆ ಹೋಗುವ ಮಕ್ಕಳಿಗೆ ಸ್ಕಾಲರ್‌ಶಿಪ್ ಕೈತಪ್ಪುವುದು ಎಷ್ಟೋ ಸಲ ಅರ್ಹತೆ ಇಲ್ಲದ್ದಕ್ಕಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಆದಾಯ ಪ್ರಮಾಣಪತ್ರ ಇದೆ, ಆದರೆ ಅಪ್ಪನ ಹೆಸರಿನಲ್ಲಿದೆ. ಬ್ಯಾಂಕ್ ಖಾತೆ ಇದೆ, ಆದರೆ ಸರ್ಕಾರದ ಹಣ ಹೋಗುವ ದಾರಿ ಬೇರೆ ಖಾತೆಗೆ ತಿರುಗಿದೆ. ಅರ್ಜಿ ತುಂಬುವುದಕ್ಕೆ ಅರ್ಧ ಗಂಟೆ ಸಾಕು, ಈ ದಾಖಲೆಗಳನ್ನು ಒಂದಕ್ಕೊಂದು ಹೊಂದಿಸುವುದಕ್ಕೆ ತಿಂಗಳೇ ಹಿಡಿಯಬಹುದು. ಅದಕ್ಕೇ ಎರಡನೇ ಪಿಯು ಪರೀಕ್ಷೆ ಮುಗಿದ ವಾರವೇ ಇದನ್ನು ಕೈಗೆತ್ತಿಕೊಳ್ಳಿ. ಫಲಿತಾಂಶ, ಸಿಇಟಿ, ಕೌನ್ಸೆಲಿಂಗ್ ಅಂತ ಓಡಾಟ ಶುರುವಾದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಮೊದಲು ಹೆಸರು. ನಮ್ಮ ಕಡೆ ಇನಿಷಿಯಲ್‌ಗಳದ್ದೇ ದೊಡ್ಡ ತೊಡಕು. ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್ ಎಸ್' ಎಂದಿರುತ್ತದೆ, ಆಧಾರ್‌ನಲ್ಲಿ ಬರೀ 'ಮಂಜುನಾಥ', ಬ್ಯಾಂಕಿನಲ್ಲಿ 'ಎಚ್ ಎಸ್ ಮಂಜುನಾಥ್'. ನಮ್ಮ ಕಣ್ಣಿಗೆ ಮೂವರೂ ಒಬ್ಬನೇ, ಆದರೆ ಅಕ್ಷರ ಅಕ್ಷರ ಹೋಲಿಸಿ ನೋಡುವ ಗಣಕಕ್ಕೆ ಹಾಗಲ್ಲ. ಯಾವುದನ್ನು ತಿದ್ದಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಎಸ್ಎಸ್ಎಲ್‌ಸಿ ಅಂಕಪಟ್ಟಿಯನ್ನೇ ಮೂಲ ಎಂದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿ ತಿದ್ದಿಸಲು ಶಾಲೆ, ಮಂಡಳಿ ಎಂದು ಅಲೆಯಬೇಕು, ಆಧಾರ್ ತಿದ್ದುಪಡಿ ಅದಕ್ಕಿಂತ ಎಷ್ಟೋ ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ. ಹಾಗಾಗಿ ಆಧಾರ್ ಕೇಂದ್ರದಲ್ಲಿ ಪರದೆಯ ಮೇಲಿನ ಅಕ್ಷರಗಳನ್ನು ನೀವೇ ಓದಿ ನೋಡದೆ ಒಪ್ಪಿಗೆ ಕೊಡಬೇಡಿ. 15 ವರ್ಷ ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು, ಫೋಟೋ ಒಮ್ಮೆ ಕಡ್ಡಾಯವಾಗಿ ನವೀಕರಿಸಬೇಕು, 15ರಿಂದ 17ರೊಳಗೆ ಮಾಡಿಸಿದರೆ ಉಚಿತ. ಇದನ್ನು ಮಾಡಿಸದಿದ್ದರೆ ಮಗುವಾಗಿದ್ದಾಗಿನ ಫೋಟೋ ಹಾಗೇ ಉಳಿದು, ಮುಂದೆ ಮುಖ ತೋರಿಸಿ ದೃಢೀಕರಿಸುವ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಮೊಬೈಲ್ ಸಂಖ್ಯೆಯೂ ಆಧಾರ್‌ಗೆ ಜೋಡಣೆಯಾಗಿರಲಿ, ಒಟಿಪಿ ಬರುವುದು ಅದಕ್ಕೇ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿ ಕೊಡುವ ಪ್ರಮಾಣಪತ್ರದಲ್ಲಿ 'ಆರ್‌ಡಿ' ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ಗೆ ಬೇಕಾಗಿರುವುದು ಕಾಗದದ ಪ್ರತಿಯಲ್ಲ, ಆ ಸಂಖ್ಯೆ. ಅದನ್ನು ಹಾಕಿದ ಕೂಡಲೇ ಹೆಸರು, ಜಾತಿ, ಪ್ರವರ್ಗ, ಆದಾಯ ಎಲ್ಲ ತಾನಾಗಿಯೇ ಪರದೆಗೆ ಬರುತ್ತದೆ. ಅಲ್ಲಿ ಬರಬೇಕಾದ್ದು ವಿದ್ಯಾರ್ಥಿಯ ಹೆಸರು. ಅಪ್ಪನ ಹೆಸರಿನ ಪ್ರಮಾಣಪತ್ರ, ಅಣ್ಣನದ್ದು, ಅಕ್ಕನದ್ದು ಯಾವುದೂ ನಡೆಯುವುದಿಲ್ಲ. ಪ್ರತಿ ಮಗುವಿಗೂ ಬೇರೆ ಬೇರೆ ಮಾಡಿಸಬೇಕು. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ ಇದೆ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಡಿಗ್ರಿಯ ಮೊದಲ ವರ್ಷದ ಹೊತ್ತಿಗೆ ಮುಗಿದಿರುತ್ತದೆ, ಆ ಲೆಕ್ಕವನ್ನು ಹೆಚ್ಚಿನವರು ಹಾಕುವುದೇ ಇಲ್ಲ. ಪ್ರಮಾಣಪತ್ರ ಕೈಗೆ ಬಂದ ದಿನವೇ ನಾಡಕಚೇರಿಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ಪರಿಶೀಲಿಸಿ, ಹೆಸರಿನ ಅಕ್ಷರ ತಪ್ಪಿದ್ದರೆ ಅವತ್ತೇ ಮತ್ತೆ ಅರ್ಜಿ ಕೊಡಿ.

ಮೂರನೆಯದು ಬ್ಯಾಂಕ್ ಖಾತೆ. ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸ್ಕಾಲರ್‌ಶಿಪ್ ಹಣ ಬರುವುದು ಖಾತೆ ಸಂಖ್ಯೆ ನೋಡಿಕೊಂಡಲ್ಲ, ಆಧಾರ್ ಸಂಖ್ಯೆ ನೋಡಿಕೊಂಡು. ಯಾವ ಆಧಾರ್‌ನ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬ ಪಟ್ಟಿ ದೇಶದ ಪಾವತಿ ವ್ಯವಸ್ಥೆ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಬಳಿ ಇರುತ್ತದೆ. ಒಂದು ಆಧಾರ್‌ಗೆ ಅಲ್ಲಿ ಒಂದೇ ಬ್ಯಾಂಕಿಗೆ ಜಾಗ, ಕೊನೆಗೆ ಯಾವುದನ್ನು ಜೋಡಿಸಿದ್ದಾರೋ ಅದೇ ಲೆಕ್ಕಕ್ಕೆ ಬರುವುದು. 'ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ' ಎಂದು ಬ್ಯಾಂಕಿನವರು ಹೇಳಿದರೆ ಎಷ್ಟೋ ಸಲ ಅದರ ಅರ್ಥ ಕೆವೈಸಿಗೆ, ಅಂದರೆ ಗ್ರಾಹಕರ ಗುರುತಿನ ದಾಖಲೆಗೆ, ಆಧಾರ್ ಕೊಟ್ಟಿದ್ದೀರಿ ಎಂದಷ್ಟೇ. ಎನ್‌ಪಿಸಿಐ ಪಟ್ಟಿಗೆ ಸೇರಿಸುವುದು, ಅಂದರೆ ಸೀಡಿಂಗ್, ಬೇರೆಯೇ ಕೆಲಸ. ಅದಕ್ಕೆ ಪ್ರತ್ಯೇಕ ಒಪ್ಪಿಗೆ ಅರ್ಜಿ ಕೊಡಬೇಕು. ಸಿಮ್ ಕೊಳ್ಳುವಾಗಲೋ ಯಾವುದೋ ಆ್ಯಪ್ ಹಾಕಿಕೊಳ್ಳುವಾಗಲೋ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ ಆ ಜಾಗವನ್ನು ಆಕ್ರಮಿಸಿಕೊಂಡಿರುವುದು ತೀರಾ ಸಾಮಾನ್ಯ. ಆಗ ಪೋರ್ಟಲ್ 'ಹಣ ಜಮಾ ಆಗಿದೆ' ಎನ್ನುತ್ತದೆ, ಪಾಸ್‌ಬುಕ್ ಖಾಲಿ ಇರುತ್ತದೆ. ಹಣ ನಿಜಕ್ಕೂ ಜಮಾ ಆಗಿರುತ್ತದೆ, ವಿದ್ಯಾರ್ಥಿಗೆ ನೆನಪೇ ಇಲ್ಲದ ಖಾತೆಗೆ.

ನೋಡಿಕೊಳ್ಳುವುದು ಸುಲಭ. ಮೈಆಧಾರ್ ಜಾಲತಾಣಕ್ಕೆ ಹೋಗಿ ಆಧಾರ್ ಸಂಖ್ಯೆ, ಒಟಿಪಿ ಹಾಕಿ ಒಳಹೊಕ್ಕು 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿ. ಬ್ಯಾಂಕಿನ ಹೆಸರು, ಸಕ್ರಿಯವಾಗಿದೆಯೋ ಇಲ್ಲವೋ, ಕೊನೆಗೆ ಯಾವಾಗ ಬದಲಾಗಿದೆ ಎಂಬುದು ಕಾಣುತ್ತದೆ. ಖಾತೆ ಸಂಖ್ಯೆ ಅಲ್ಲಿ ಸಿಗುವುದಿಲ್ಲ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ಇದ್ದರೆ ಯಾವುದಕ್ಕೆ ಎಂದು ಶಾಖೆಯಲ್ಲೇ ಕೇಳಬೇಕು. ಬ್ಯಾಂಕ್ ಬದಲಿಸಬೇಕಿದ್ದರೆ ಬೇಕಾದ ಬ್ಯಾಂಕಿನ ಶಾಖೆಯಲ್ಲಿ ಸೀಡಿಂಗ್ ಅರ್ಜಿ ಕೊಡಿ, ಅರ್ಜಿಯಲ್ಲಿ ಹಳೆಯ ಬ್ಯಾಂಕಿನ ಹೆಸರನ್ನೂ ಬರೆಯಿರಿ. ಕೆಲವು ದಿನ ಬಿಟ್ಟು ಮತ್ತೆ ಪರದೆ ನೋಡಿ, ಹೊಸ ಬ್ಯಾಂಕಿನ ಹೆಸರು ಬಂದಿದ್ದರೆ ಮಾತ್ರ ಕೆಲಸ ಆಗಿದೆ ಎಂದುಕೊಳ್ಳಿ. ಇನ್ನೊಂದು ವಿಷಯ: ಪೂರ್ತಿ ಕೆವೈಸಿ ಇಲ್ಲದೆ ತೆರೆದ ಸಣ್ಣ ಖಾತೆಗಳಲ್ಲಿ ಒಂದು ವರ್ಷಕ್ಕೆ ಒಟ್ಟು 1 ಲಕ್ಷ ರೂಪಾಯಿಗಿಂತ ಹೆಚ್ಚು ಜಮಾ ಮಾಡುವಂತಿಲ್ಲ, ಒಮ್ಮೆಗೆ 50,000ಕ್ಕಿಂತ ಹೆಚ್ಚು ಉಳಿಕೆ ಇರುವಂತಿಲ್ಲ. ಎಂಜಿನಿಯರಿಂಗ್ ಶುಲ್ಕ ಮರುಪಾವತಿಯಂಥ ದೊಡ್ಡ ಮೊತ್ತ ಬಂದರೆ ಅದು ವಾಪಸ್ ಹೋಗುವ ಅಪಾಯವಿದೆ. ಶಾಲೆಯಲ್ಲಿದ್ದಾಗ ತೆರೆದ ಖಾತೆಗೆ ಕೆವೈಸಿ ಪೂರ್ತಿ ಮಾಡಿಸಿ.

ರಾಜ್ಯದ ಪೋರ್ಟಲ್‌ನಲ್ಲಿ ಏನೇನಿದೆ

ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್ಎಸ್‌ಪಿ, ಹಲವು ಇಲಾಖೆಗಳಿಗೆ ಒಂದೇ ಬಾಗಿಲು. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಕಲ್ಯಾಣ, ತಾಂತ್ರಿಕ ಶಿಕ್ಷಣ, ಕಾರ್ಮಿಕ ಇಲಾಖೆ ಎಲ್ಲವೂ ಇಲ್ಲಿವೆ. ವಿದ್ಯಾರ್ಥಿಗೆ ಒಂದೇ ಐಡಿ. ಪಿಯುಸಿಯಲ್ಲಿ ಅರ್ಜಿ ಹಾಕಿದ್ದರೆ ಆ ಐಡಿಯನ್ನೇ ಮುಂದುವರಿಸಬೇಕು. ಪಾಸ್‌ವರ್ಡ್ ಮರೆತಿದ್ದಕ್ಕೆ ಹೊಸ ಖಾತೆ ತೆರೆಯಲು ಹೋಗಬೇಡಿ, ಮರೆತ ಐಡಿ ತಿಳಿಯುವ ಆಯ್ಕೆ ಅಲ್ಲೇ ಇದೆ. ಅರ್ಜಿ ಮಾತ್ರ ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಮೊದಲ ವರ್ಷ ಬಂದಿತ್ತು ಎಂದು ಎರಡನೇ ವರ್ಷ ಸುಮ್ಮನೆ ಕಾಯುತ್ತಾ ಕುಳಿತವರಿಗೆ ಬರುವುದಿಲ್ಲ.

ವ್ಯಾಸಂಗ ಪ್ರಮಾಣಪತ್ರ, ಅಂಕಪಟ್ಟಿ, ಶುಲ್ಕದ ರಸೀದಿ, ಹಾಸ್ಟೆಲ್ ಪ್ರಮಾಣಪತ್ರ ಇವುಗಳನ್ನು ನೇರವಾಗಿ ಅಪ್‌ಲೋಡ್ ಮಾಡುವುದಲ್ಲ. ಕಾಲೇಜಿನಲ್ಲಿರುವ ಇ-ದೃಢೀಕರಣ ಅಧಿಕಾರಿ ಮೂಲ ಪ್ರತಿ ನೋಡಿ ದೃಢೀಕರಿಸುತ್ತಾರೆ, ಪ್ರತಿ ದಾಖಲೆಗೂ ಒಂದು ಸಂಖ್ಯೆ ಸಿಗುತ್ತದೆ, ಆ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು. ಕೊನೆಯ ವಾರದಲ್ಲಿ ಇಡೀ ಕಾಲೇಜು ಒಬ್ಬ ಅಧಿಕಾರಿಯ ಮೇಜಿನ ಮುಂದೆ ಸಾಲು ನಿಲ್ಲುತ್ತದೆ. ಪ್ರವೇಶ ಆದ ಹದಿನೈದು ದಿನದೊಳಗೆ ಈ ಸಂಖ್ಯೆಗಳನ್ನು ಪಡೆದು ಒಂದು ಕಡೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ರಿಜಿಸ್ಟರ್ ಸಂಖ್ಯೆ ಹಾಕಿದಾಗ 'ವಿವರ ಸಿಗುತ್ತಿಲ್ಲ' ಎಂದು ಬಂದರೆ ತಪ್ಪು ನಿಮ್ಮದಲ್ಲದೆಯೂ ಇರಬಹುದು. ವಿಶ್ವವಿದ್ಯಾಲಯದ ದತ್ತಾಂಶ ಇನ್ನೂ ಪೋರ್ಟಲ್‌ಗೆ ಬಂದಿರುವುದಿಲ್ಲ, ಇಲ್ಲವೇ ಕಾಲೇಜು ಕೋರ್ಸಿನ ಹೆಸರು ತಪ್ಪಾಗಿ ಕಳಿಸಿರುತ್ತದೆ. ಸೈಬರ್ ಸೆಂಟರ್‌ನಲ್ಲಿ ಹತ್ತು ಸಲ ಒತ್ತುವುದಕ್ಕಿಂತ ಕಾಲೇಜಿನ ಕಚೇರಿಗೆ ಲಿಖಿತವಾಗಿ ತಿಳಿಸಿ.

ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷ ರೂಪಾಯಿ ಮೀರಿರಬಾರದು. ಕಡ್ಡಾಯ ಶುಲ್ಕದ ಜೊತೆಗೆ ವರ್ಷಕ್ಕೊಂದು ಶೈಕ್ಷಣಿಕ ಭತ್ಯೆಯೂ ಇದೆ. ಎಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಪದವಿ ಇರುವ ಮೊದಲ ಗುಂಪಿಗೆ ಹಾಸ್ಟೆಲ್‌ನಲ್ಲಿದ್ದರೆ 13,500, ಮನೆಯಿಂದ ಓಡಾಡಿದರೆ 7,000. ಬಿಎ, ಬಿಕಾಂ, ಬಿಎಸ್‌ಸಿಯಂಥ ಮೂರನೇ ಗುಂಪಿಗೆ 6,000 ಮತ್ತು 3,000. ಅಂಗವಿಕಲ ವಿದ್ಯಾರ್ಥಿಗಳಿಗೆ ಶೇ. 10 ಹೆಚ್ಚು. ಇದರಲ್ಲಿ ರಾಜ್ಯದ ಪಾಲು ಶೇ. 40, ಕೇಂದ್ರದ್ದು ಶೇ. 60, ಎರಡೂ ಬೇರೆ ಬೇರೆಯಾಗಿ ವಿದ್ಯಾರ್ಥಿಯ ಖಾತೆಗೇ ಬರುತ್ತವೆ. ರಾಜ್ಯ ತನ್ನ ಪಾಲು ಕೊಟ್ಟ ಮೇಲೆ ಕೇಂದ್ರದ್ದು. ಅಷ್ಟರಲ್ಲಿ ಹೊಸ ಸಿಮ್ ಜೊತೆ ಹೊಸ ಖಾತೆ ತೆರೆದು ಸೀಡಿಂಗ್ ತಿರುಗಿತೋ, ಮೊದಲ ಕಂತು ಒಂದು ಬ್ಯಾಂಕಿಗೆ, ದೊಡ್ಡ ಕಂತು ಇನ್ನೊಂದಕ್ಕೆ. ಅರ್ಧ ಹಣ ಬಂತು, ಅರ್ಧ ಬರಲಿಲ್ಲ ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ಇನ್ನು, ಶುಲ್ಕದ ಭಾಗ ನಿಮ್ಮ ಖಾತೆಗೆ ಬಂದರೂ ಅದು ಕಾಲೇಜಿನ ಹಣ. ಮನೆ ಖರ್ಚಿಗೆ ಹೋದರೆ ಪರೀಕ್ಷೆಯ ಹೊತ್ತಿಗೆ ಹಾಲ್ ಟಿಕೆಟ್ ಮುಂದೆ ಕಷ್ಟ ಬಂದು ನಿಲ್ಲುತ್ತದೆ.

ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ-1ಕ್ಕೂ 2ಎ, 3ಎ, 3ಬಿಗೂ ಆದಾಯ ಮಿತಿ ಬೇರೆ. ಆಯಾ ವರ್ಷದ ಅಧಿಸೂಚನೆಯಲ್ಲಿ ನಿಮ್ಮ ಪ್ರವರ್ಗದ ಸಾಲನ್ನೇ ಓದಿ, ಗೆಳೆಯರ ಮಾತು ನಂಬಿ ಬಿಟ್ಟುಬಿಡಬೇಡಿ. ಸರ್ಕಾರಿ ಹಾಸ್ಟೆಲ್ ಸಿಗದೆ ಹೊರಗೆ ಉಳಿದು ಓದುವ ಹಿಂದುಳಿದ ವರ್ಗದವರಿಗಾಗಿ ಬಂದದ್ದು ವಿದ್ಯಾಸಿರಿ. ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಎಂದು ಅದು ಶುರುವಾಯಿತು. ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕುವುದು ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ, ಅದು ಬೇರೆ ಜಾಲತಾಣ. ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಹಾಸ್ಟೆಲ್ ಸಿಗುವಂತಿದ್ದರೆ ಹಾಸ್ಟೆಲ್ಲೇ ಮೇಲು. ಊಟ, ವಸತಿ ಎರಡೂ ಸಿಗುತ್ತದೆ. ಇವತ್ತಿನ ಪಿಜಿ ಬಾಡಿಗೆಯಲ್ಲಿ ಆ 1,500 ಎಲ್ಲಿಗೂ ಸಾಲದು.

ಕೃಷಿಕರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರುವಾದಾಗ ಬಿಎ, ಬಿಎಸ್‌ಸಿ, ಬಿಕಾಂ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದು ನಿಗದಿಯಾಯಿತು. ಎಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಇದಕ್ಕೆ ತಂದೆ ಅಥವಾ ತಾಯಿಯ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ, ಬೇಕು. ಪಹಣಿ ಇನ್ನೂ ತಾತನ ಹೆಸರಲ್ಲೇ ಇದ್ದು ಪೌತಿ ಖಾತೆ ಆಗಿಲ್ಲದಿದ್ದರೆ ತೊಡಕಾಗುವುದು ಇಲ್ಲಿಯೇ. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಮಂಡಳಿಯ ನೆರವಿದೆ, ಗುರುತಿನ ಚೀಟಿಯ ನವೀಕರಣ ತಪ್ಪಿರಬಾರದು.

ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ತೀರಾ ಮರೆಯುವ ಒಂದು ಯೋಜನೆ ಪ್ರೋತ್ಸಾಹಧನ. ಅಂತಿಮ ವರ್ಷವನ್ನು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದರೆ ದ್ವಿತೀಯ ಪಿಯುಸಿ ಮತ್ತು ಡಿಪ್ಲೊಮಾಗೆ 20,000, ಪದವಿಗೆ 25,000, ಸ್ನಾತಕೋತ್ತರಕ್ಕೆ 30,000, ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಪಶುವೈದ್ಯಕೀಯಕ್ಕೆ 35,000. ಇದು ಎಸ್ಎಸ್‌ಪಿ ಅರ್ಜಿಯಲ್ಲಿ ಸೇರಿಲ್ಲ, ಸಮಾಜ ಕಲ್ಯಾಣ ಇಲಾಖೆಯ ಜಾಲತಾಣದಲ್ಲಿ ಪ್ರತ್ಯೇಕವಾಗಿ ಹಾಕಬೇಕು. ಡಿಗ್ರಿ ಮುಗಿಸಿ ಊರು ಬಿಟ್ಟ ಮೇಲೆ ಯಾರೂ ನೆನಪಿಸುವುದಿಲ್ಲ.

ಕೇಂದ್ರದ ಕಡೆ

ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಎನ್ಎಸ್‌ಪಿ, ರಾಜ್ಯದ ಪೋರ್ಟಲ್‌ಗೆ ಸಂಬಂಧವಿಲ್ಲದ ಬೇರೆ ಬಾಗಿಲು. ಮೊದಲು ಒಂದು ಬಾರಿಯ ನೋಂದಣಿ ಮಾಡಿಕೊಂಡು 14 ಅಂಕಿಯ ಒಟಿಆರ್ ಸಂಖ್ಯೆ ಪಡೆಯಬೇಕು, ಅದಕ್ಕೆ ಮೊಬೈಲ್‌ನಲ್ಲಿ ಮುಖ ತೋರಿಸಿ ದೃಢೀಕರಿಸಬೇಕು. ಬೆಳಕು ಚೆನ್ನಾಗಿರುವ ಕಡೆ, ಕನ್ನಡಕ ತೆಗೆದು ಪ್ರಯತ್ನಿಸಿ.

ಇಲ್ಲಿ ಎಲ್ಲ ಜಾತಿಯವರಿಗೂ ತೆರೆದಿರುವುದು ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಕೇಂದ್ರೀಯ ವಿದ್ಯಾರ್ಥಿವೇತನ. ಪದವಿಯ ಮೂರು ವರ್ಷ ತಲಾ 12,000, ಸ್ನಾತಕೋತ್ತರದಲ್ಲಿ 20,000, ಎಂಜಿನಿಯರಿಂಗ್‌ನ ನಾಲ್ಕನೇ ವರ್ಷಕ್ಕೂ 20,000. ಆದಾಯ ಮಿತಿ 4.5 ಲಕ್ಷ. ದೇಶದಾದ್ಯಂತ ವರ್ಷಕ್ಕೆ 82,000 ಹೊಸಬರಿಗೆ ಸಿಗುತ್ತದೆ, ಅರ್ಧ ಹುಡುಗಿಯರಿಗೆ. ಅರ್ಹತೆ 80 ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಇದನ್ನು ಶೇ. 80 ಅಂಕ ಎಂದು ತಿಳಿದು ಬಿಡುವವರು ಬಹಳ. ನಿಮ್ಮ ಮಂಡಳಿಯಲ್ಲಿ ಪಾಸಾದವರ ಪೈಕಿ ಮೇಲಿನ ಐದನೇ ಒಂದು ಭಾಗದಲ್ಲಿ ಇದ್ದೀರಾ ಎಂಬುದಷ್ಟೇ ಪ್ರಶ್ನೆ. ಕಲಾ ವಿಭಾಗದಲ್ಲಿ ಶೇ. 80ಕ್ಕಿಂತ ಕಡಿಮೆ ಬಂದವರೂ ಅದರೊಳಗೆ ಇರಬಹುದು. ನವೀಕರಣಕ್ಕೆ ಶೇ. 50 ಅಂಕ, ಶೇ. 75 ಹಾಜರಾತಿ ಬೇಕು.

ತಾಂತ್ರಿಕ ಕೋರ್ಸಿನ ಹುಡುಗಿಯರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಾದ ಎಐಸಿಟಿಇಯ ಪ್ರಗತಿ: ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ, ಒಂದು ಕುಟುಂಬದಲ್ಲಿ ಇಬ್ಬರು ಹೆಣ್ಣುಮಕ್ಕಳವರೆಗೆ. ಮೊದಲ ವರ್ಷದಲ್ಲೇ, ಅಥವಾ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದಾಗ ಅರ್ಜಿ ಹಾಕಬೇಕು, ಆಮೇಲೆ ಹೊಸದಾಗಿ ಅವಕಾಶವಿಲ್ಲ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಸಕ್ಷಮ್ ಅಷ್ಟೇ ಮೊತ್ತದ್ದು. ಮೂಲವಿಜ್ಞಾನ ಓದುವವರಿಗೆ, ಮಂಡಳಿಯ ಮೇಲಿನ ಶೇ. 1ರಲ್ಲಿ ಬಂದರೆ, ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್‌ನ ವಾರ್ಷಿಕ 80,000 ಇದೆ. ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆ ಪಾಸಾಗಿ ಎಂಟೆಕ್ ಸೇರಿದವರಿಗೆ ತಿಂಗಳಿಗೆ 12,400.

ಎನ್ಎಸ್‌ಪಿಯಲ್ಲಿ ಅರ್ಜಿ ಹಾಕಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದೆ ಕಳಿಸಬೇಕು. ಅವರು ಒತ್ತದಿದ್ದರೆ ಅರ್ಜಿ ಅಲ್ಲೇ ಸಾಯುತ್ತದೆ. ಸ್ಥಿತಿಯಲ್ಲಿ 'ಡಿಫೆಕ್ಟಿವ್' ಎಂದು ಕಂಡರೆ ಗಾಬರಿ ಬೇಡ, ಅದು ತಿರಸ್ಕಾರವಲ್ಲ, ತಿದ್ದಿ ಮತ್ತೆ ಸಲ್ಲಿಸಲು ಬಂದಿರುವುದು. ಆದರೆ ಅದಕ್ಕೂ ಕೊನೆಯ ದಿನಾಂಕವಿದೆ. ವಾರಕ್ಕೊಮ್ಮೆ ಒಳಹೊಕ್ಕು ನೋಡಿ, ಎಸ್ಎಂಎಸ್ ನಂಬಿ ಕೂರಬೇಡಿ.

ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಎರಡು ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಹಾಗಾಗಿ ಹೋಲಿಸಿ ಆರಿಸಿ. ಶುಲ್ಕವೂ ಭತ್ಯೆಯೂ ಸಿಗುವ ಎಸ್ಎಸ್‌ಪಿಯನ್ನು ಬಿಟ್ಟು 12,000ದ ಹಿಂದೆ ಹೋಗುವುದರಲ್ಲಿ ಅರ್ಥವಿಲ್ಲ. ಶುಲ್ಕವೇ ಕಡಿಮೆ ಇರುವ ಸರ್ಕಾರಿ ಕಾಲೇಜಿನ ಬಿಎಸ್‌ಸಿಗಾದರೆ ಲೆಕ್ಕ ಉಲ್ಟಾ ಆಗಬಹುದು. ಖಾಸಗಿ ನೆರವಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನದ್ದು ದೊಡ್ಡದು: ಹತ್ತು ಮತ್ತು ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000. ಅರ್ಜಿಗೆ ಶುಲ್ಕ ಇಲ್ಲ. ಮಂಜೂರು ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಅದು ಮೋಸವೇ.

ಸಾಲ ತೆಗೆದುಕೊಳ್ಳಲೇಬೇಕಾದಾಗ

ಮೇಲಿನದ್ದೆಲ್ಲ ಸೇರಿಸಿಯೂ ಸಾಲದೆ ಹೋದರೆ ಶಿಕ್ಷಣ ಸಾಲ. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ 4 ಲಕ್ಷದವರೆಗೆ ನಿಮ್ಮ ಕೈಯಿಂದ ಹಾಕಬೇಕಾದ ಪಾಲು ಇಲ್ಲ, ಅದಕ್ಕಿಂತ ಹೆಚ್ಚಾದರೆ ದೇಶದೊಳಗಿನ ಓದಿಗೆ ಶೇ. 5. ಬರುವ ವಿದ್ಯಾರ್ಥಿವೇತನವನ್ನೇ ಆ ಪಾಲಿನಲ್ಲಿ ಲೆಕ್ಕಹಾಕಿಸಬಹುದು, ಕೇಳಿ. 7.5 ಲಕ್ಷದವರೆಗೆ ಕೇಂದ್ರದ ಖಾತರಿ ನಿಧಿ ಇರುವುದರಿಂದ ಜಮೀನು, ಮನೆ ಅಡವಿಡುವಂತಿಲ್ಲ. ಸಾಲ ನಿರಾಕರಿಸಬೇಕಾದರೆ ಶಾಖೆಯವರು ಮೇಲಿನ ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ಬಾಯಿಮಾತಿನಲ್ಲಿ 'ಆಗಲ್ಲ' ಎಂದರೆ ಎದ್ದು ಬರಬೇಡಿ, ಕಾರಣವನ್ನು ಬರವಣಿಗೆಯಲ್ಲಿ ಕೇಳಿ.

ನಾಲ್ಕು ವರ್ಷದ ಕೋರ್ಸಿಗೆ ವರ್ಷದ ಆರಂಭದಲ್ಲಿ 1 ಲಕ್ಷದಂತೆ ಶೇ. 10ರ ಬಡ್ಡಿಯಲ್ಲಿ 4 ಲಕ್ಷ ಸಾಲ ಎಂದುಕೊಳ್ಳಿ. ಓದು ಮುಗಿದು ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಸರಳ ಬಡ್ಡಿಯಲ್ಲಿ ಮೊದಲ ಲಕ್ಷಕ್ಕೆ ಐದು ವರ್ಷದ್ದು 50,000, ಎರಡನೆಯದಕ್ಕೆ 40,000, ಆಮೇಲೆ 30,000, 20,000. ಒಟ್ಟು 1.4 ಲಕ್ಷ. ಕಂತು ಶುರುವಾಗುವ ದಿನ ಸಾಲ 5.4 ಲಕ್ಷ ಆಗಿರುತ್ತದೆ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 7,136. ಆ ಬಡ್ಡಿ ಸೇರದಿದ್ದರೆ 5,286. ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆಗಿದ್ದರೆ ಈ 1.4 ಲಕ್ಷವನ್ನು ಕೇಂದ್ರವೇ ಕಟ್ಟುತ್ತದೆ. ಆದರೆ ಅದು ತಾನಾಗಿ ಆಗುವುದಿಲ್ಲ. ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ಸಾಲದ ಜೊತೆಗೇ ಕೊಟ್ಟು, ಬಡ್ಡಿ ಸಹಾಯಧನಕ್ಕೆ ಹೆಸರು ಸೇರಿಸಿದ್ದಾರೆಯೇ ಎಂದು ಕೇಳಬೇಕು. ವರ್ಷಕ್ಕೊಮ್ಮೆ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ಸಹಾಯಧನ ಜಮಾ ಆಗಿದೆಯೇ ನೋಡಿ. ಅದು ತಿಳಿಯದವರು ವರ್ಷಗಟ್ಟಲೆ ಹೊರುವ ಭಾರ ಇದು.

2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಿದ್ಯಾಲಕ್ಷ್ಮಿ, ಪಟ್ಟಿಯಲ್ಲಿರುವ ಗುಣಮಟ್ಟದ ಸಂಸ್ಥೆಗಳಿಗೆ ಮೆರಿಟ್ ಮೇಲೆ ಸೇರಿದವರಿಗೆ ಅಡಮಾನವಾಗಲಿ ಜಾಮೀನುದಾರರಾಗಲಿ ಇಲ್ಲದೆ ಸಾಲ ಕೊಡಿಸುತ್ತದೆ. ಆದಾಯ 8 ಲಕ್ಷದವರೆಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಕಟ್ಟಬೇಕಿಲ್ಲದ ಅವಧಿಯಲ್ಲಿ, ಶೇ. 3 ಬಡ್ಡಿ ನೆರವು. ಸಿಇಟಿ, ನೀಟ್ ಮೂಲಕ ಸೀಟು ಸಿಕ್ಕ ಅಲ್ಪಸಂಖ್ಯಾತ ಮತ್ತು ಹಿಂದುಳಿದ ವರ್ಗದ ಮಕ್ಕಳು ಬ್ಯಾಂಕಿಗೆ ಹೋಗುವ ಮೊದಲು ತಮ್ಮ ತಮ್ಮ ಅಭಿವೃದ್ಧಿ ನಿಗಮಗಳ ಅರಿವು ಸಾಲ ವಿಚಾರಿಸಿ, ಅಲ್ಲಿ ದರ ಶೇ. 2 ಮಾತ್ರ. ದುಡಿಯಲು ಶುರುಮಾಡಿದ ಮೇಲೆ ಕಟ್ಟುವ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯಡಿ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಅದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ.

ಹಣ ಬಾರದಿದ್ದಾಗ ಹುಡುಕುವ ಕ್ರಮ ಹೀಗಿರಲಿ. ಪೋರ್ಟಲ್‌ನಲ್ಲಿ ಅರ್ಜಿ ಯಾವ ಹಂತದಲ್ಲಿ ನಿಂತಿದೆ ನೋಡಿ. ಕಾಲೇಜಿನಲ್ಲಿ ನಿಂತಿದ್ದರೆ ನೋಡಲ್ ಅಧಿಕಾರಿ, ಇಲಾಖೆಯಲ್ಲಿ ನಿಂತಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ಕಚೇರಿ. 'ಪಾವತಿ ವಿಫಲ' ಎಂದಿದ್ದರೆ ಸೀಡಿಂಗ್ ಸರಿಪಡಿಸಿ, ಹೊಸ ಪರದೆಯ ಪ್ರತಿ ಜೊತೆಗಿಟ್ಟು ಇಲಾಖೆಗೆ ಅರ್ಜಿ ಕೊಡಿ. 'ಪಾವತಿ ಆಗಿದೆ' ಎಂದಿದ್ದರೆ ಪಾವತಿಯ ಉಲ್ಲೇಖ ಸಂಖ್ಯೆ ಬರೆದುಕೊಂಡು ಸೀಡಿಂಗ್ ಪರದೆಯಲ್ಲಿ ಹೆಸರಿರುವ ಬ್ಯಾಂಕಿಗೇ ಹೋಗಿ. ಕೊಟ್ಟ ಪ್ರತಿ ಅರ್ಜಿಗೂ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ, ಜಿಲ್ಲಾ ಕಚೇರಿಯಲ್ಲಿ ಮೊದಲು ಕೇಳುವುದು ಅದನ್ನೇ.